ತೇಲುವ ಜೆಟ್ಟಿಯ ಅಡಿಯಲ್ಲೇ ಯಾಕೆ?

ಪಕ್ಕದ ಬಂಡೆಗಳಲ್ಲಿಲ್ಲದ, ಬೇರೆ ಕಡಲಿನಿಂದ ಬಂದ ಹೊರಗಿನ ಜೀವಿಗಳು ಬಂದರಿನ ತೇಲುವ ಜೆಟ್ಟಿಯಡಿ ಯಾಕೆ ಇಷ್ಟು ಜಾಸ್ತಿ, ಕೆರೆದು ಹಾಕಬಹುದೇ ಅಂತ ಕೇಳಿದ್ದೀರಿ. ಹಡಗಿನ ತಳಕ್ಕೆ ಅಂಟಿಕೊಂಡೋ, ಬ್ಯಾಲಾಸ್ಟ್ ನೀರಿನಲ್ಲೋ (ಹಡಗು ಸಮತೋಲನಕ್ಕೆ ತುಂಬಿಕೊಳ್ಳುವ ನೀರು) ಅವು ಬಂದಿಳಿಯುವುದೇ ಅಲ್ಲಿ ಅಲ್ವಾ? ಜೊತೆಗೆ ಜೆಟ್ಟಿ ನೀರಿನೊಂದಿಗೇ ಏರಿಳಿಯುತ್ತದೆ, ಅಡಿಭಾಗ ಒಣಗುವುದೇ ಇಲ್ಲ. ನೆರಳಿಗೆ ಪಾಚಿಯ ಪೈಪೋಟಿ ಕಡಿಮೆ. ಕಡಲ ತಳದಲ್ಲಿ ತೆವಳುವ ಏಡಿ, ನಕ್ಷತ್ರಮೀನುಗಳಿಗೆ ಅದು ಸುಲಭವಾಗಿ ಎಟುಕುವುದಿಲ್ಲ.

ಸುಮ್ನೆ ಕೆರೆದು ನೀರಿಗೆ ಬೀಳಿಸಬೇಡಿ, ದಯವಿಟ್ಟು. ಗುಂಪಾಗಿ ಬೆಳೆಯುವ ಸೀ ಸ್ಕ್ವರ್ಟ್, ಅಂದರೆ ಜೆಟ್ಟಿಯಡಿ ಲೋಳೆಯಂಥ ಪದರವಾಗಿ ಹರಡುವ ಕಡಲಜೀವಿ, ತುಂಡಾದರೂ ಸಾಯುವುದಿಲ್ಲ. ಉದುರಿದ ಚೂರು ಬೇರೆಡೆ ಅಂಟಿ ಮತ್ತೆ ಬೆಳೆಯಬಲ್ಲದು.

ಬೇಗ ಕಣ್ಣಿಗೆ ಬಿದ್ದರೆ ದಾರಿಯಿದೆ. 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಕಪ್ಪುಪಟ್ಟೆಯ ಮಸೆಲ್ ಎಂಬ ಹೊರಗಿನ ಚಿಪ್ಪುಜೀವಿ ಸಿಕ್ಕಾಗ ಮರೀನಾಗಳನ್ನೇ (ದೋಣಿ ನಿಲ್ಲಿಸುವ ತಾಣಗಳನ್ನೇ) ಮುಚ್ಚಿ, ಕ್ಲೋರಿನ್, ಮೈಲುತುತ್ತ ಸುರಿದು ಪೂರ್ತಿ ತೊಲಗಿಸಿದರು. ನೀವು ಮೊದಲು ಹತ್ತಿರದಿಂದ ಫೋಟೊ ತೆಗೆದು ಬಂದರಿನವರಿಗೆ ತೋರಿಸಿ.