ಕಳಸ ಯಾರ ಊರು?

ಅರಸೀಕೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ಮಳೆ ಮುಗಿದ ಮೇಲೆ ಅತ್ತೆ, ಮಾವನವರನ್ನು ಕಳಸಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಕಳಸ ಅಂದರೆ ಕಳಸೇಶ್ವರ ಅಂತಲೇ ನಾವು ತಿಳಿದಿದ್ದು. ಈಗ ಪರಿಚಯದವರೊಬ್ಬರು ಅದು ಮೊದಲು ಜೈನರ ಊರಾಗಿತ್ತು, ಆಮೇಲೆ ಕೈ ಬದಲಾಯಿತು ಅಂತಾರೆ. ಯಾವುದು ಸರಿ? ಹಾಗೇ, ಬೆಳಿಗ್ಗೆ ಬೇಗ ಹೊರಟರೆ ಶೃಂಗೇರಿ, ಕಳಸ, ಹೊರನಾಡು ಮೂರೂ ಒಂದೇ ದಿನಕ್ಕೆ ಆಗುತ್ತಾ?"

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೇನೆ. ಬೇಡ. ವಯಸ್ಸಾದವರನ್ನು ಕೂರಿಸಿಕೊಂಡು ಮಲೆನಾಡಿನ ತಿರುವುಗಳಲ್ಲಿ ಹಾಗೆ ಓಡಬೇಡಿ. ಹಾಗೆ ಓಡಿದಾಗಲೆಲ್ಲ ನಷ್ಟ ಆಗುವುದು ಕಳಸಕ್ಕೇ. ಶೃಂಗೇರಿಯಲ್ಲಿ ದರ್ಶನ, ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಪ್ರಸಾದದ ಊಟ, ನಡುವೆ ಕಳಸದಲ್ಲಿ ಗಾಡಿ ನಿಲ್ಲಿಸಿ ಕೈಮುಗಿದು ಹೊರಡುವುದು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಇಷ್ಟು ಹಳೆಯ ಕಥೆ ಇರುವ ಊರಿಗೆ ಅರ್ಧ ಗಂಟೆ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ನಿಮ್ಮ ಪರಿಚಯದವರ ಮಾತಿನಲ್ಲಿ ಅರ್ಧ ನಿಜ ಇದೆ. ಕಳಸವನ್ನು ಆಳಿದವರು ಸಾಂತರ ವಂಶದವರು, ಜೈನರು. ಅವರ ಮೂಲ ಶಿವಮೊಗ್ಗ ಜಿಲ್ಲೆಯ ಹುಂಚ, ಅಂದರೆ ಪದ್ಮಾವತಿ ಅಮ್ಮನವರ ಹೊಂಬುಜ. ಅಲ್ಲಿಂದ ಕಳಸಕ್ಕೆ ಬಂದರು, ಮುಂದೆ ಘಟ್ಟದ ಕೆಳಗೆ ಕಾರ್ಕಳವನ್ನೂ ರಾಜಧಾನಿ ಮಾಡಿಕೊಂಡರು. ಅದಕ್ಕೇ ಇತಿಹಾಸದಲ್ಲಿ ಕಳಸ-ಕಾರ್ಕಳ ರಾಜ್ಯ ಅಂತ ಜೋಡಿ ಹೆಸರು. ಕಾರ್ಕಳದಲ್ಲಿ 42 ಅಡಿಯ ಬಾಹುಬಲಿಯನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯ ಇದೇ ಮನೆತನದವನು. 1586ರಲ್ಲಿ ಅಲ್ಲಿನ ಚತುರ್ಮುಖ ಬಸದಿ ಕಟ್ಟಿಸಿದ್ದೂ ಇದೇ ಮನೆತನದ ಭೈರರಸ. ಇನ್ನೊಂದು ಮಾತು, 13ನೇ ಶತಮಾನದಲ್ಲಿ ಕಳಸವನ್ನು ರಾಣಿಯರೂ ಆಳಿದ್ದಾರೆ, ಅದು ಶಾಸನದಲ್ಲೇ ಇದೆ. ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಅವರಿಗೂ ಜಾಗ ಸಿಗಬೇಕಿತ್ತು ಅಂತ ನನ್ನ ಆಸೆ.

ಆದರೆ "ಕೈ ಬದಲಾಯಿತು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂದರೆ ಆ ಜೈನ ಮನೆತನದ ಭೈರರಸರೇ ಕಳಸನಾಥನಿಗೆ, ಅಂದರೆ ಈ ಶಿವನಿಗೇ, ದತ್ತಿ ಬಿಟ್ಟಿದ್ದಾರೆ. ತಾವು ಪೂಜಿಸುವ ತೀರ್ಥಂಕರರು ಬೇರೆ, ತಮ್ಮ ಊರಿನ ಜನ ನಂಬಿದ ಶಿವ ಬೇರೆ, ಆದರೂ ಆ ಶಿವನ ಪೂಜೆ ನಡೆಯುವಂತೆ ನೋಡಿಕೊಳ್ಳುವುದು ಅರಸನ ಕೆಲಸ ಅಂತ ಅವರು ಅಂದುಕೊಂಡಿದ್ದರು. ಅದನ್ನು ಶಾಸನದಲ್ಲಿ ಬರೆಸಿಯೂ ಇಟ್ಟರು. ಇದು ನಮ್ಮ ಕಡೆ ಹೊಸದೇನೂ ಅಲ್ಲ. ಧರ್ಮಸ್ಥಳ ನೋಡಿ, ಹೆಗ್ಗಡೆಯವರ ಮನೆತನ ಜೈನ, ದೇವರು ಮಂಜುನಾಥ, ಪೂಜೆ ಮಾಡುವವರು ವೈಷ್ಣವರು. ನಿಮ್ಮದೇ ಜಿಲ್ಲೆಯಲ್ಲಿ ಶಾಂತಲೆ ಜೈನಳು, ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ಗಂಡ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದ.

ಹಾಗಂತ ಯಾವತ್ತೂ ಜಗಳವೇ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು ಬುಕ್ಕರಾಯ 1368ರಲ್ಲಿ ತೀರ್ಪು ಕೊಡಬೇಕಾಯಿತು, ಶ್ರವಣಬೆಳಗೊಳದಲ್ಲಿ ಆ ಶಾಸನ ಇದೆ. ಜಗಳ ಆದ ಕಡೆ ಆಯಿತು ಅನ್ನೋಣ, ಹೊಂದಿಕೊಂಡು ಬಾಳಿದ ಕಡೆ ಬಾಳಿದರು ಅಂತಲೂ ಹೇಳೋಣ. ಸುಮ್ನೆ ಒಂದು ಊರನ್ನು ಯಾರೋ ಕಿತ್ತುಕೊಂಡರು ಅಂತ ಮಾತು ಹಬ್ಬಿಸುವುದರಿಂದ ಯಾರಿಗೆ ಒಳ್ಳೆಯದು? ಕಳಸ, ಸಂಸೆ ಕಡೆ ಇವತ್ತೂ ಜೈನ ಕುಟುಂಬಗಳಿವೆ. ತೋಟ ಮಾಡಿಕೊಂಡು ಉಳಿದವರ ಜೊತೆಗೇ ಇದ್ದಾರೆ. ಅವರ ಮನಸ್ಸಿಗೂ ನೋವಾಗಬಾರದು, ಅಲ್ವಾ?

ಹೋದಾಗ ಏನು ನೋಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೇನೆ. ಕಳಸೇಶ್ವರ ದೇವಸ್ಥಾನ ಗುಡ್ಡದ ಮೇಲಿದೆ, ಮೆಟ್ಟಿಲು ಹತ್ತಬೇಕು. ಅತ್ತೆಯವರಿಗೆ ಮಂಡಿನೋವು ಇದ್ದರೆ ಬಿಸಿಲೇರುವ ಮುಂಚೆ ನಿಧಾನವಾಗಿ ಹತ್ತಿಸಿ. ಶಿವನ ಮದುವೆಗೆ ದೇವತೆಗಳೆಲ್ಲ ಒಂದೇ ಕಡೆ ಸೇರಿ ಭೂಮಿ ವಾಲಿತು, ಸರಿ ಮಾಡೋಕೆ ಅಗಸ್ತ್ಯರು ದಕ್ಷಿಣಕ್ಕೆ ಬಂದರು, ಅವರ ಕಲಶದಲ್ಲಿ ಶಿವ ಮೂಡಿದ ಅನ್ನುವುದು ಇಲ್ಲಿನ ಸ್ಥಳಪುರಾಣ. ಮಾವನವರಿಗೆ ಗೊತ್ತಿದ್ದರೆ ಅವರ ಬಾಯಲ್ಲೇ ಕೇಳಿ.

ಅಲ್ಲಿಂದ ಚಂದ್ರನಾಥ ಬಸದಿಗೆ ಹೋಗಿ. ದಯವಿಟ್ಟು ತಪ್ಪಿಸಬೇಡಿ. ಚರ್ಮದ ಬೆಲ್ಟ್, ಪರ್ಸ್ ಗಾಡಿಯಲ್ಲೇ ಬಿಡಿ. ಬಾಗಿಲು ಹಾಕಿದ್ದರೆ ಹಾಗೇ ವಾಪಸ್ ಬರಬೇಡಿ, ಪೂಜೆ ಮಾಡುವ ಇಂದ್ರರು ಎಲ್ಲಿದ್ದಾರೆ ಅಂತ ಅಕ್ಕಪಕ್ಕ ವಿಚಾರಿಸಿ.

ಭದ್ರೆಯ ದಡದಲ್ಲಿ ಪಂಚತೀರ್ಥಗಳಿವೆ. ಅದರಲ್ಲಿ ಅಂಬಾತೀರ್ಥ ನನಗೆ ಜಾಸ್ತಿ ಇಷ್ಟ. ಹೊಳೆ ಅಲ್ಲಿ ಬಂಡೆಗಳ ನಡುವೆ ನುಗ್ಗಿ ಹೋಗುತ್ತದೆ. ದೊಡ್ಡದೊಂದು ಬಂಡೆ ಇದೆ, ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದು ಇಟ್ಟರು ಅಂತ ಅದರ ಮೇಲೆ ಸಂಸ್ಕೃತದಲ್ಲಿ ಕೆತ್ತಿದ್ದಾರೆ. ಅಂದರೆ ಶೈವರು, ಜೈನರು, ಮಾಧ್ವರು ಮೂವರಿಗೂ ಈ ಪುಟ್ಟ ಊರಿನಲ್ಲಿ ತಮ್ಮದು ಅನ್ನುವ ಜಾಗ ಇದೆ. ಆದರೆ ನೀರಿಗೆ ಇಳಿಯಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಬಂಡೆ ಜಾರುತ್ತದೆ, ಗುಂಡಿ ಆಳ, ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ.

ಮಳೆ ಮುಗಿದ ಮೇಲೆ ಹೋಗುವ ನಿಮ್ಮ ಯೋಚನೆ ಸರಿಯಾಗಿದೆ. ಮಳೆಗಾಲದಲ್ಲಿ ಭದ್ರೆ ಉಕ್ಕಿದರೆ ಹೆಬ್ಬಾಳೆ ಸೇತುವೆ ಮುಳುಗಿ ಹೊರನಾಡಿನ ದಾರಿ ಕಟ್ಟಾಗುವುದು ಉಂಟು. ಕಳಸದಲ್ಲಿ ಒಂದು ರಾತ್ರಿ ಉಳಿಯಿರಿ. ಮರುದಿನ ಹೊರನಾಡು ಮುಗಿಸಿಕೊಂಡು ಸಂಸೆ, ಕುದುರೆಮುಖದ ಮೇಲೆ ಘಟ್ಟ ಇಳಿದು ಕಾರ್ಕಳಕ್ಕೆ ಹೋಗಿ, ಅದೇ ಅರಸರು ನಿಲ್ಲಿಸಿದ ಬಾಹುಬಲಿಯನ್ನೂ ನೋಡಿ. ಶೃಂಗೇರಿಯನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.