ಪ್ರಶ್ನೋತ್ತರ: ಕಂಪ್ಯೂಟರ್ ವಿಜ್ಞಾನದ ಆರಂಭದ ಸಂದೇಹಗಳು

ಕಂಪ್ಯೂಟರ್ ವಿಜ್ಞಾನವನ್ನು ಹೊಸದಾಗಿ ಓದಲು ತೊಡಗಿದವರು ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಇಷ್ಟು ಸಣ್ಣ ಲೆಕ್ಕದಲ್ಲಿ ಎಡವುವ ಯಂತ್ರವನ್ನು ದೊಡ್ಡ ಲೆಕ್ಕಗಳಿಗೆ ನಂಬುವುದು ಹೇಗೆ?

ಉತ್ತರ: ತೊಡಕು ಕೂಡುವುದಕ್ಕೆ ಮೊದಲೇ ಆರಂಭವಾಗಿರುತ್ತದೆ. ದಶಮಾನ ಪದ್ಧತಿಯಲ್ಲಿ ಮೂರನೇ ಒಂದು ಭಾಗವನ್ನು 0.333… ಎಂದು ಎಷ್ಟು ಬರೆದರೂ ಮುಗಿಯದಿರುವಂತೆ, ಯಂತ್ರ ಬಳಸುವ, 0 ಮತ್ತು 1 ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಹತ್ತನೇ ಒಂದು ಭಾಗವು 0.000110011001100… ಎಂದು ಕೊನೆಯಿಲ್ಲದೆ ಸಾಗುತ್ತದೆ. ಸಂಕ್ಷಿಪ್ತ ರೂಪದಲ್ಲಿ ಛೇದವು 2ರ ಘಾತವಾಗಿರುವ ಭಿನ್ನರಾಶಿಗಳು ಮಾತ್ರ ದ್ವಿಮಾನದಲ್ಲಿ ಮುಗಿಯುತ್ತವೆ, 0.5 ಮತ್ತು 0.25 ನಿಖರವಾಗಿ ಉಳಿಯುವುದು ಅದರಿಂದಲೇ. ಸಾಮಾನ್ಯವಾಗಿ ಇಂಥ ಸಂಖ್ಯೆಗೆ ಮೀಸಲಾದ ಜಾಗ 64 ಬಿಟ್‌ಗಳು, ಅಂದರೆ 64 ದ್ವಿಮಾನ ಅಂಕಿಗಳು. ಒಂದು ಬಿಟ್ ಧನ ಅಥವಾ ಋಣ ಚಿಹ್ನೆಗೆ, 11 ಬಿಟ್‌ಗಳು ಘಾತಾಂಕಕ್ಕೆ, ಉಳಿದ 52 ಸಂಖ್ಯೆಯ ಅಂಕಿಗಳಿಗೆ ಹೋಗುತ್ತವೆ. ಮುಗಿಯದ ಸರಣಿಯನ್ನು ಈ ಜಾಗದಲ್ಲಿ ಎಲ್ಲಾದರೂ ಕತ್ತರಿಸಲೇಬೇಕಾದ್ದರಿಂದ 0.1 ಮತ್ತು 0.2 ಎರಡೂ ತಮ್ಮ ನಿಜವಾದ ಬೆಲೆಗಿಂತ ಕೂದಲೆಳೆಯಷ್ಟು ಹೆಚ್ಚಾಗಿ ದಾಖಲಾಗುತ್ತವೆ. ಅವುಗಳ ಮೊತ್ತವನ್ನು ಮತ್ತೊಮ್ಮೆ ಹತ್ತಿರದ ಬೆಲೆಗೆ ಹೊಂದಿಸಿದಾಗ ನೀವು ಕಂಡ ಬಾಲ ಹೊರಗೆ ಇಣುಕುತ್ತದೆ. ಈ ಹೊಂದಿಸುವಿಕೆಯ ನಿಯಮಗಳನ್ನು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 1985ರ ಐಇಇಇ 754 ಮಾನಕದಲ್ಲಿ ಗೊತ್ತುಪಡಿಸಲಾಯಿತು. ಆದ್ದರಿಂದ ಅದನ್ನು ಪಾಲಿಸುವ ಯಂತ್ರಗಳೆಲ್ಲವೂ ಈ ಮೊತ್ತಕ್ಕೆ ಇದೇ ಉತ್ತರ ಕೊಡುತ್ತವೆ. ನಂಬಬಹುದು, ಆದರೆ ಎರಡು ದಶಮಾಂಶ ಸಂಖ್ಯೆಗಳು ಸಮವೇ ಎಂದು ನೇರವಾಗಿ ಹೋಲಿಸದೆ, ಅವುಗಳ ವ್ಯತ್ಯಾಸ ಸಾಕಷ್ಟು ಚಿಕ್ಕದೇ ಎಂದು ನೋಡುವ ಅಭ್ಯಾಸ ಬೇಕು. ಹಣದ ಲೆಕ್ಕವನ್ನು ಅತಿ ಚಿಕ್ಕ ನಾಣ್ಯದ ಪೂರ್ಣಾಂಕಗಳಲ್ಲಿ ಇಡುವುದು ಲೇಸು.

ಪ್ರಶ್ನೆ: ಹತ್ತು ಲಕ್ಷ ಹೆಸರುಗಳ ನಡುವೆ ಒಂದು ಹೆಸರು ಕ್ಷಣಾರ್ಧದಲ್ಲಿ ಸಿಗುವುದು ಯಂತ್ರದ ವೇಗದಿಂದಲೇ?

ಉತ್ತರ: ವೇಗಕ್ಕಿಂತ ಹೆಚ್ಚಾಗಿ ಜೋಡಣೆಯಿಂದ. ಪಟ್ಟಿ ಅಕಾರಾದಿಯಾಗಿದ್ದರೆ ನಡುವಿನ ಹೆಸರನ್ನು ನೋಡಿ, ಬೇಕಾದದ್ದು ಅದಕ್ಕಿಂತ ಹಿಂದಿದೆಯೋ ಮುಂದಿದೆಯೋ ಎಂದು ತಿಳಿದು, ಅರ್ಧ ಪಟ್ಟಿಯನ್ನು ಒಂದೇ ಏಟಿಗೆ ಕೈಬಿಡಬಹುದು. 2ರ 20ನೇ ಘಾತವು ಹತ್ತು ಲಕ್ಷಕ್ಕಿಂತ ತುಸು ಹೆಚ್ಚಿರುವುದರಿಂದ, ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಹೆಚ್ಚೆಂದರೆ 20 ಹೋಲಿಕೆಗಳು ಸಾಕು. ಪಟ್ಟಿ ಇಪ್ಪತ್ತು ಲಕ್ಷಕ್ಕೆ ಬೆಳೆದರೆ ಇನ್ನೊಂದೇ ಹೋಲಿಕೆ ಹೆಚ್ಚುತ್ತದೆ. ಆದರೆ ಇಂಥ ಪಟ್ಟಿಯ ನಡುವೆ ಹೊಸ ಹೆಸರೊಂದನ್ನು ಸೇರಿಸಲು ಅದರ ಮುಂದಿನವುಗಳನ್ನೆಲ್ಲ ಸರಿಸಬೇಕಾಗುತ್ತದೆ ಎಂಬುದನ್ನು ಪಠ್ಯಪುಸ್ತಕಗಳು ಅವಸರದಲ್ಲಿ ಹೇಳಿ ಮುಗಿಸುತ್ತವೆ. ಅದಕ್ಕಾಗಿಯೇ ಡೇಟಾಬೇಸ್‌ಗಳ ಇಂಡೆಕ್ಸ್‌ನಲ್ಲಿ, ಅಂದರೆ ದಾಖಲೆಗಳನ್ನು ಹುಡುಕುವ ಸೂಚಿಯಲ್ಲಿ, ಸಾಮಾನ್ಯವಾಗಿ ಬಿ-ಟ್ರೀ ಎಂಬ ಕವಲು ರಚನೆಯನ್ನು ಬಳಸುತ್ತಾರೆ. ಒಂದೊಂದು ಗಂಟಿನಿಂದ 200 ಕವಲುಗಳು ಹೊರಟರೆ ಮೂರು ಹಂತಗಳಲ್ಲಿ 80 ಲಕ್ಷ ದಾಖಲೆಗಳನ್ನು ತಲುಪಬಹುದು. ಡಿಸ್ಕಿನಿಂದ ಓದುವುದು ನಿಧಾನದ ಕೆಲಸವಾದ್ದರಿಂದ ಹಂತಗಳು ಕಡಿಮೆಯಾದಷ್ಟೂ ಲಾಭ.

ಪ್ರಶ್ನೆ: ಇಂಟರ್‌ನೆಟ್‌ನಲ್ಲಿ ಕಳಿಸಿದ ಫೈಲಿನ ಒಂದು ತುಣುಕು ದಾರಿಯಲ್ಲಿ ಕಳೆದುಹೋದರೆ ಯಾರಿಗೆ ತಿಳಿಯುತ್ತದೆ?

ಉತ್ತರ: ಎರಡು ತುದಿಯ ಯಂತ್ರಗಳಿಗೆ. ಫೈಲು ಪ್ಯಾಕೆಟ್‌ಗಳಾಗಿ ಒಡೆದು ಸಾಗುತ್ತದೆ, ಅವು ಹಿಂದುಮುಂದಾಗಿ ತಲುಪಬಹುದು, ಮತ್ತು ನಡುವಿನ ರೌಟರ್‌ಗಳು ಅವನ್ನು ಮುಂದಕ್ಕೆ ದಾಟಿಸುವ ಹೊಣೆಯನ್ನಷ್ಟೇ ಹೊರುತ್ತವೆ. ಈ ಸಾಗಣೆಯನ್ನು ನಿಯಂತ್ರಿಸುವ ಟಿಸಿಪಿ ಎಂಬ ನಿಯಮಾವಳಿಯಂತೆ ಕಳಿಸುವವರು ಪ್ರತಿ ಬೈಟ್‌ಗೂ ಕ್ರಮಸಂಖ್ಯೆ ಇಟ್ಟುಕೊಳ್ಳುತ್ತಾರೆ. ಎಲ್ಲಿಯವರೆಗೆ ಬಂದಿದೆ ಎಂದು ಪಡೆದವರು ತಿಳಿಸುತ್ತಿರಬೇಕು. ಆ ಸ್ವೀಕೃತಿ ಗಡುವಿನೊಳಗೆ ಬಾರದಿದ್ದರೆ ತುಣುಕನ್ನು ಮತ್ತೊಮ್ಮೆ ಕಳಿಸಲಾಗುತ್ತದೆ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ವಿವರಿಸಿದ ವಿಧಾನದಿಂದ ಬೆಳೆದ ಈ ನಿಯಮಗಳಿಗೆ ಇಂಟರ್‌ನೆಟ್‌ಗೆ ಮೂಲವಾದ ಅರ್ಪಾನೆಟ್ ಜಾಲವು 1983ರ ಜನವರಿ 1ರಂದು ಬದಲಾಯಿತು.

ಪ್ರಶ್ನೆ: ಯಾವ ಪ್ರೋಗ್ರಾಮನ್ನು ಕೊಟ್ಟರೂ ಅದು ಎಂದಾದರೂ ನಿಲ್ಲುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳುವ ಸಾಫ್ಟ್‌ವೇರ್ ಮುಂದೆ ಬರಬಹುದೇ?

ಉತ್ತರ: ಬರಲಾರದು, ಯಂತ್ರಗಳ ವೇಗ ಎಷ್ಟೇ ಹೆಚ್ಚಿದರೂ. ಇದರ ಬೇರು ಗಣಿತಜ್ಞ ಅಲನ್ ಟ್ಯೂರಿಂಗ್ ಅವರ 1936ರ ಪ್ರಬಂಧದಲ್ಲಿದೆ. ಅಂಥ ಸಾಫ್ಟ್‌ವೇರ್ ಇದೆಯೆಂದೇ ಭಾವಿಸಿ, ಅದನ್ನು ಪರೀಕ್ಷಕ ಎಂದು ಕರೆಯೋಣ. ಈಗ ವಿರೋಧಿ ಎಂಬ ಇನ್ನೊಂದು ಪ್ರೋಗ್ರಾಂ ಬರೆಯಿರಿ. ಅದು ತನಗೆ ಕೊಟ್ಟ ಪ್ರೋಗ್ರಾಂನ ಪಠ್ಯವನ್ನು ಪರೀಕ್ಷಕನ ಮುಂದಿಟ್ಟು, ಆ ಪ್ರೋಗ್ರಾಂಗೆ ಅದರದೇ ಪಠ್ಯವನ್ನು ಉಣಿಸಿದರೆ ನಿಲ್ಲುತ್ತದೆಯೇ ಎಂದು ಕೇಳುತ್ತದೆ. ನಿಲ್ಲುತ್ತದೆ ಎಂಬ ಉತ್ತರ ಬಂದರೆ ತಾನು ಬೇಕೆಂದೇ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಕೊನೆಯಿಲ್ಲದ ಲೂಪ್‌ಗೆ ಇಳಿಯುತ್ತದೆ, ನಿಲ್ಲದು ಎಂದರೆ ಕೂಡಲೇ ನಿಲ್ಲುತ್ತದೆ. ವಿರೋಧಿಗೆ ವಿರೋಧಿಯ ಪಠ್ಯವನ್ನೇ ಕೊಟ್ಟರೆ ಪರೀಕ್ಷಕ ಏನು ಹೇಳಿದರೂ ಸುಳ್ಳಾಗುತ್ತದೆ. ಹಾಗಾಗಿ ಪರೀಕ್ಷಕ ಇರಲು ಸಾಧ್ಯವಿಲ್ಲ. ಈ ವಾದವನ್ನು ಮೊದಲ ಓದಿಗೆ ಕಣ್ಕಟ್ಟು ಎಂದು ತಳ್ಳಿಹಾಕುವವರಿದ್ದಾರೆ. ಕಾಗದದ ಮೇಲೆ ಎರಡೂ ಸಾಧ್ಯತೆಗಳನ್ನು ಬರೆದು ನೋಡುವುದು ಒಳ್ಳೆಯದು. ನಿರ್ದಿಷ್ಟ ಪ್ರೋಗ್ರಾಂಗಳು ನಿಲ್ಲುತ್ತವೆ ಎಂದು ಸಾಧಿಸುವ ಉಪಕರಣಗಳು ಇದ್ದೇ ಇವೆ. ಎಲ್ಲ ಪ್ರೋಗ್ರಾಂಗಳಿಗೂ ಸಲ್ಲುವ ಒಂದೇ ಉಪಕರಣ ಮಾತ್ರ ಅಸಾಧ್ಯ. ವೆಬ್ ಪುಟವೊಂದು ಹೆಪ್ಪುಗಟ್ಟಿದಾಗ ಬ್ರೌಸರ್ ಒಂದಿಷ್ಟು ಹೊತ್ತು ನೋಡಿ, ಕಾಯಬೇಕೇ ಅಥವಾ ಮುಚ್ಚಬೇಕೇ ಎಂಬ ನಿರ್ಧಾರವನ್ನು ನಿಮಗೇ ಬಿಡುವುದರ ಹಿಂದೆಯೂ ಇದೇ ಮಿತಿಯಿದೆ.