ಜೀವನಾಂಶ ಯಾವ ದಿನದಿಂದ ಲೆಕ್ಕ?

ಗುಬ್ಬಿಯ ಸಹೋದರಿ, ತುಮಕೂರಿನ ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಎಂಟು ತಿಂಗಳಾಗಿದೆ, ಆದೇಶ ಬಂದ ದಿನದಿಂದಷ್ಟೇ ಹಣ ಎಂದು ಗಂಡನ ಮನೆಯವರು ಹೇಳುತ್ತಿದ್ದಾರೆ, ನಿಜವೇ ಎಂದು ಕೇಳಿದ್ದೀರಿ. ಅಲ್ಲ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದೇ ಇದನ್ನು ಇತ್ಯರ್ಥಪಡಿಸಿದೆ: ಜೀವನಾಂಶ ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲಬೇಕು. ರಾಜಿಗೆ ಕರೆದರೂ ಆ ಎಂಟು ತಿಂಗಳನ್ನು ದಯವಿಟ್ಟು ಬಿಟ್ಟುಕೊಡಬೇಡಿ.

ಇಬ್ಬರೂ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಕೊಡಬೇಕೆಂದೂ ಅದೇ ತೀರ್ಪು ಹೇಳಿದೆ. ಪೀಣ್ಯದ ಕೆಲಸ ಬಿಟ್ಟೆ ಎಂಬ ನಿಮ್ಮ ಗಂಡನ ಬಾಯಿಮಾತು ಸಾಲದು. ದುಡಿಯುವ ಶಕ್ತಿಯಿರುವ ತಂದೆಗೆ ಮಗಳ ಹೊಣೆ ಅಷ್ಟಕ್ಕೇ ತಪ್ಪುವುದಿಲ್ಲ. ನೀವೂ ಹೊಲಿಗೆಯ ಸಂಪಾದನೆಯನ್ನು ಮುಚ್ಚಿಡದೆ ಬರೆಯಿರಿ. ಅಲ್ಪ ಆದಾಯವಿದೆಯೆಂದು ಹಕ್ಕು ಹೋಗುವುದಿಲ್ಲ, ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ. ಶಾಲೆಯ ಶುಲ್ಕದ ರಸೀದಿ, ಔಷಧದ ಚೀಟಿಗಳನ್ನು ಜೊತೆಗಿಡಿ.

ಮಧ್ಯಂತರ ಜೀವನಾಂಶ, ಅಂದರೆ ಅಂತಿಮ ಆದೇಶ ಬರುವವರೆಗಿನ ತಾತ್ಕಾಲಿಕ ಹಣ, ಕೇಳಿದ್ದೀರಾ? ಇಲ್ಲವಾದರೆ ಈ ವಾರವೇ ಕೇಳಿ. ನೋಟಿಸ್ ತಲುಪಿದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಅದನ್ನು ತೀರ್ಮಾನಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಹೇಳುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ ಜಾಗದಲ್ಲಿರುವುದು ಇದೇ.

ವಕೀಲರ ಶುಲ್ಕ ಹೊರೆಯಾದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.